ಬಾಯಿಲ್ಲದ ಜ್ವಾಲಾಮುಖಿಯ ಮೇಲೊಂದು ಮಹಾನಗರ

ಮುಂಬೈಗೆ ಊರಿನಿಂದ ನೆಂಟರು ಬಂದರೆ ತೋರಿಸಬೇಕಾದ ಜಾಗಗಳ ಪಟ್ಟಿ ಇಲ್ಲಿನ ಎಲ್ಲ ಕನ್ನಡಿಗರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ಗೇಟ್‌ವೇ, ಅಲ್ಲಿಂದ ದೋಣಿ ಹತ್ತಿ ಎಲಿಫೆಂಟಾ, ಸಂಜೆಗೆ ಮರೀನ್ ಡ್ರೈವ್. ಮಾರನೆಯ ದಿನ ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಹಾಜಿ ಅಲಿ, ಜುಹು. ಪುರುಸೊತ್ತಿದ್ದರೆ ಬೊರಿವಲಿ ಕಾಡಿನೊಳಗಿನ ಕನ್ಹೇರಿ ಗುಹೆಗಳು, ಹಿರಿಯರು ಜೊತೆಗಿದ್ದರೆ ಗಣೇಶಪುರಿ. ಈ ಪಟ್ಟಿಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಇಷ್ಟೆಲ್ಲ ತಿರುಗಾಡಿಸಿದ ಮೇಲೂ ಒಂದು ಮಾತನ್ನು ಮಾತ್ರ ಹೇಳದೆ ಅವರನ್ನು ರೈಲು ಹತ್ತಿಸುತ್ತೇವಲ್ಲ, ತಕರಾರಿರುವುದು ಅದರ ಬಗ್ಗೆ. ಅವರು ಎರಡು ದಿನ ಓಡಾಡಿದ್ದು ತಣಿದು ಕಲ್ಲಾದ ಲಾವಾರಸದ ಮೇಲೆ. ಅವರು ಬಾಗಿ ನಮಸ್ಕರಿಸಿದ ಎಲಿಫೆಂಟಾದ ಶಿವ ಲಾವಾರಸದಲ್ಲಿ ಮೂಡಿದವನು. ಅವರು ಫೋಟೊ ತೆಗೆಸಿಕೊಂಡ ಗೇಟ್‌ವೇ ಕಮಾನಿನ ಕಲ್ಲೂ ಅದೇ ವಂಶದ್ದು.

ಜ್ವಾಲಾಮುಖಿ ನೋಡಲು ಜನ ಈಗ ಐಸ್‌ಲ್ಯಾಂಡಿಗೆ ಹೋಗುತ್ತಾರೆ, ಇಂಡೊನೇಷ್ಯಾಕ್ಕೆ ಹೋಗುತ್ತಾರೆ. ಹೋಗಲಿ. ಆದರೆ ಅಂಧೇರಿಯಲ್ಲಿ ಮನೆ ಮಾಡಿಕೊಂಡು ಇಪ್ಪತ್ತು ವರ್ಷವಾದವರಿಗೂ ತಾವು ಅಂಥದೇ ಒಂದು ಕರಾವಳಿಯಲ್ಲಿ ವಾಸವಾಗಿದ್ದೇವೆ ಎಂದು ಅನ್ನಿಸುವುದಿಲ್ಲ. ಏಕೆ ಅನ್ನಿಸುವುದಿಲ್ಲ ಎಂಬ ಪ್ರಶ್ನೆಗೆ ನನ್ನ ಉತ್ತರ ಅರ್ಧ ಭಾಷೆಯದು, ಅರ್ಧ ರಾಜಕಾರಣದ್ದು. ಭಾಷೆಯಿಂದ ಶುರು ಮಾಡುತ್ತೇನೆ, ನನ್ನ ಕಸುಬು ಅದೇ ಆದ್ದರಿಂದ.

ಜ್ವಾಲಾಮುಖಿ ಎಂಬ ಪದವನ್ನೇ ನೋಡಿ. ಜ್ವಾಲೆ ಕಾರುವ ಮುಖ, ಬೆಂಕಿಯ ಬಾಯಿ. ಹಿಮಾಚಲದ ಕಾಂಗ್ಡಾದಲ್ಲಿರುವ ಜ್ವಾಲಾಮುಖಿ ದೇವಸ್ಥಾನದಲ್ಲಿ ಬಂಡೆಯ ಸಂದುಗಳಿಂದ ಉರಿ ಏಳುತ್ತದೆ. ಅದು ನೆಲದೊಳಗಿನ ನೈಸರ್ಗಿಕ ಅನಿಲ ಹತ್ತಿ ಉರಿಯುವುದು, ಅಲ್ಲಿ ಲಾವಾ ಇಲ್ಲ. ಆದರೂ ಉರಿಯುವ ಬಾಯಿ ಎಂಬ ಅರ್ಥದಲ್ಲಿ ಹೆಸರು ಸರಿಯಾಗಿಯೇ ಇದೆ. ಇಂಗ್ಲಿಷಿನ ವೋಲ್ಕೇನೊ ಪದವೂ ಇಟಲಿಯ ವುಲ್ಕಾನೊ ಎಂಬ ದ್ವೀಪದಿಂದ, ಆ ದ್ವೀಪದ ಹೆಸರು ರೋಮನ್ನರ ಬೆಂಕಿದೇವರಿಂದ ಬಂತು. ಎರಡು ಪದಗಳಲ್ಲೂ ಬೆಂಕಿಯಿದೆ, ಬೆಂಕಿಗೊಂದು ಗೊತ್ತಾದ ಜಾಗವಿದೆ. ಪದ ನಮ್ಮ ಯೋಚನೆಯನ್ನು ಕಟ್ಟಿಹಾಕುತ್ತದೆ ಎಂಬ ವಾದವನ್ನು ಭಾಷಾಶಾಸ್ತ್ರ ಓದಿದವರು ಸುಲಭಕ್ಕೆ ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ. ಆದರೆ ಎಲ್ಲಿ ನೋಡಬೇಕು ಎಂದು ಪದ ಬೆರಳು ಮಾಡುವುದಂತೂ ಹೌದು. ಜ್ವಾಲಾಮುಖಿ ಎಂದ ಕೂಡಲೇ ನಾವು ಮೊನಚು ಬೆಟ್ಟವೊಂದನ್ನು, ಅದರ ತುದಿಯ ಹೊಗೆಯನ್ನು ಹುಡುಕುತ್ತೇವೆ. ಕಾಣದಿದ್ದರೆ ಇಲ್ಲಿ ಜ್ವಾಲಾಮುಖಿ ಇಲ್ಲ ಎಂದು ತೀರ್ಮಾನಿಸಿಬಿಡುತ್ತೇವೆ.

ದಖ್ಖನ್ನಿನಲ್ಲಿ ಆದದ್ದು ಬೇರೆ ಥರ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗ ಇನ್ನೂ ಏಷ್ಯಾಕ್ಕೆ ಬಂದು ಸೇರಿರಲಿಲ್ಲ. ಇಂದು ರಿಯೂನಿಯನ್ ದ್ವೀಪವಿರುವ ಕಡೆಯ ಮೇಲಿಂದ ಅದು ಉತ್ತರಕ್ಕೆ ಸರಿಯುತ್ತಿತ್ತು. ಆಗ ನೆಲ ಉದ್ದುದ್ದಕ್ಕೆ ಬಿರಿದು, ಆ ಬಿರುಕುಗಳಿಂದ ಲಾವಾ ಉಕ್ಕಿ, ತೆಳ್ಳಗಿನ ದೋಸೆಹಿಟ್ಟಿನ ಹಾಗೆ ಹರಡಿಕೊಂಡಿತು. ಒಂದು ಪದರ ತಣಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಸವೆದು ಉಳಿದದ್ದೇ ಇಂದು ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟಿದೆ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳವರೆಗೆ ಅದು ಚಾಚಿಕೊಂಡಿದೆ. ಬಿಳಿಜೋಳ ಬೆಳೆಯುವ ಎರೆಮಣ್ಣು ಈ ಕಲ್ಲು ಕರಗಿ ಆದದ್ದು. ಗೋಲಗುಮ್ಮಟದ ಕಪ್ಪು ಕಲ್ಲು ಇದೇ. ಇಷ್ಟು ದೊಡ್ಡ ಜ್ವಾಲಾಮುಖಿಗೆ ತೋರಿಸಲು ಒಂದು ಬಾಯಿಲ್ಲ. ನಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಅದೇ ಕಾರಣ.

ಭೂವಿಜ್ಞಾನಿಗಳು ಇದನ್ನು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ. ಇಲ್ಲಿಯ ಟ್ರ್ಯಾಪ್ ಎಂದರೆ ಬೋನಲ್ಲ, ಸ್ವೀಡಿಷ್ ಭಾಷೆಯ ಮೆಟ್ಟಿಲು. ಪದರಗಳು ಅಂಚಿನಲ್ಲಿ ಸವೆದು ಬೆಟ್ಟದ ಮೈ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ ಆ ಹೆಸರು. ನಾವು ಘಟ್ಟ ಎನ್ನುತ್ತೇವೆ. ನದಿಯ ದಂಡೆಯ ಘಾಟ್‌ ಕೂಡ ಅದೇ ಪದ, ಅಲ್ಲಿಯೂ ಮೆಟ್ಟಿಲುಗಳೇ. ಒಂದಕ್ಕೊಂದು ಪರಿಚಯವಿಲ್ಲದ ಎರಡು ಭಾಷೆಗಳ ಪದಗಳು ಈ ಬೆಟ್ಟದ ಮೈಮೇಲೆ ಭೇಟಿಯಾಗಿವೆ.

ಈ ವಿಷಯ ನನ್ನ ತಲೆಗೆ ಹೊಕ್ಕದ್ದು ಅನುವಾದದ ಕೆಲಸದಿಂದ. ಪ್ರವಾಸದ ಪುಸ್ತಿಕೆಯೊಂದು ಇಂಗ್ಲಿಷಿನಿಂದ ಕನ್ನಡಕ್ಕೆ ಬರಬೇಕಿತ್ತು. ಅದರಲ್ಲಿ ಲಾವಾ ಹರಿದು ಆದ ವಿದೇಶದ ಕಡಲತೀರವೊಂದರ ವರ್ಣನೆ. ಜ್ವಾಲಾಮುಖಿ ಕರಾವಳಿ ಎಂದು ಬರೆದರೆ ಓದುವವರ ಕಣ್ಣಿಗೆ ಕಡಲ ಪಕ್ಕ ಬೆಂಕಿ ಉಗುಳುವ ಬೆಟ್ಟ ಬರುತ್ತದೆ, ಮಕ್ಕಳನ್ನು ಕರೆದುಕೊಂಡು ಯಾರು ಹೋದಾರು? ಅಗ್ನಿಶಿಲೆ ಎಂದರೆ ಶಾಲೆಯ ಪಾಠವಾಯಿತು, ಮೇಲಾಗಿ ಗ್ರಾನೈಟನ್ನೂ ಸೇರಿಸಿಕೊಂಡಂತಾಯಿತು. ಕೊನೆಗೆ ಲಾವಾಗಲ್ಲಿನ ಕರಾವಳಿ ಎಂದು ಬರೆದೆ. ಅದರಲ್ಲಿ ಬಂದ ಬಸಾಲ್ಟಿನ ಕಂಬಗಳಿಗೆ ಕಂಬಗಲ್ಲು ಎಂದೆ. ಎರಡೂ ನಿಘಂಟಿನ ಪದಗಳಲ್ಲ, ಆದರೆ ಅಜ್ಜಿಗೂ ಅರ್ಥವಾಗುತ್ತವೆ. ಹಾಗೆ ಬರೆದು ಮುಗಿಸಿದ ಮೇಲೆ ಕಿಟಕಿಯಾಚೆ ನೋಡಿದರೆ ಕಂಬಗಲ್ಲು ಇಲ್ಲಿಯೇ ಇತ್ತು.

ಉಡುಪಿಯ ಕಡೆಯವರಿಗೆ ಕಂಬಗಲ್ಲು ಹೊಸದಲ್ಲ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪ, ಸ್ಥಳೀಯರ ತೋನ್ಸೆಪಾರ್, ಇಂಥ ಕಂಬಗಳಿಗೇ ಹೆಸರಾದದ್ದು. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ಹೇಗೆ ಐದಾರು ಮೂಲೆಗಳ ಬಿಲ್ಲೆಗಳಾಗಿ ಬಿರಿಯುತ್ತದೆಯೋ ಲಾವಾ ಕೂಡ ತಣಿಯುತ್ತ ಕುಗ್ಗುವಾಗ ಹಾಗೆಯೇ ಬಿರಿಯುತ್ತದೆ. ಕೆರೆಯ ಬಿರುಕು ಗೇಣುದ್ದ ಇಳಿದು ನಿಲ್ಲುತ್ತದೆ. ದಪ್ಪ ಲಾವಾದಲ್ಲಿ ಅದು ತಣಿಯುವ ಮೈಯಿಂದ ಒಳಕ್ಕೆ ಇಳಿಯುತ್ತಲೇ ಹೋಗಿ ಕಂಬಗಳನ್ನು ಕಡೆದಿಡುತ್ತದೆ. ಮಲ್ಪೆಯ ಕಂಬಗಳು ದಖ್ಖನ್ನಿಗಿಂತ ಹಳೆಯವು. ಅವು ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು, ಎಂಟೂವರೆ ಕೋಟಿ ವರ್ಷಕ್ಕೂ ಹಿಂದಿನವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಪಟ್ಟಿ ಮಾಡಿದೆ. ಕರ್ನಾಟಕದ ಇಂಥ ನಾಲ್ಕು ಸ್ಮಾರಕಗಳಲ್ಲಿ ಲಾಲ್‌ಬಾಗಿನ ಬಂಡೆಯನ್ನು ಬಿಟ್ಟರೆ ಉಳಿದ ಮೂರೂ ಜ್ವಾಲಾಮುಖಿಯ ಕೆಲಸವೇ: ಮಲ್ಪೆಯ ಕಂಬಗಳು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬಿನಾಕಾರಕ್ಕೆ ಗಟ್ಟಿಯಾದ ಲಾವಾ, ಕೋಲಾರದ ಪೆದ್ದಪಲ್ಲಿಯಲ್ಲಿ ಸಿಡಿದುಬಿದ್ದ ಚೂರುಗಳಿಂದಾದ ಶಿಲೆ.

ಆ ಉಡುಪಿಯಿಂದ ಬಂದು ಅಂಧೇರಿಯಲ್ಲಿ ಹೋಟೆಲು ನಡೆಸಿದ, ಬ್ಯಾಂಕಿನಲ್ಲಿ ದುಡಿದ, ಮಕ್ಕಳನ್ನು ಓದಿಸಿದ ಎಷ್ಟು ಜನ ಗಿಲ್ಬರ್ಟ್ ಹಿಲ್ ಹತ್ತಿದ್ದಾರೆ? ಅಂಧೇರಿ ಪಶ್ಚಿಮದಲ್ಲಿ ಭವನ್ಸ್ ಕಾಲೇಜಿನ ಹತ್ತಿರ ಅದು ನಿಂತಿದೆ. ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಹೋಗಿ ಮುಟ್ಟುವಷ್ಟು ಸಮೀಪ. ಸುಮಾರು 200 ಅಡಿ ಎತ್ತರದ ಕಪ್ಪು ಬಸಾಲ್ಟ್, ಬುಡದಿಂದ ಮೇಲಿನವರೆಗೂ ನೆಟ್ಟಗೆ ನಿಂತ ಕಂಬಗಳು. ವಯಸ್ಸು ಆರು ಕೋಟಿ ವರ್ಷದ ಆಸುಪಾಸು. ತುದಿಯಲ್ಲಿ ಗಾವ್‌ದೇವಿ ಮತ್ತು ದುರ್ಗಾಮಾತೆಯ ಗುಡಿಗಳು, ಹತ್ತಲು ಮೆಟ್ಟಿಲು. ಬುಡದ ಸುತ್ತ ಜೋಪಡಿಗಳು, ಅವುಗಳ ಬೆನ್ನಿಗೆ ಬಹುಮಹಡಿ ಕಟ್ಟಡಗಳು. ಇಂಥದೇ ಕಲ್ಲು ಜೋಗೇಶ್ವರಿ ಕಡೆಗೂ ಇತ್ತು. ಅದು ಗಣಿಯಾಗಿ, ಜಲ್ಲಿಯಾಗಿ ಹೋಗಿದೆ. ಉಳಿದ ಈ ಒಂದನ್ನು ಮಹಾನಗರಪಾಲಿಕೆ 2007ರಲ್ಲಿ ಪಾರಂಪರಿಕ ತಾಣಗಳ ಎರಡನೇ ದರ್ಜೆಗೆ ಸೇರಿಸಿತು. ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಮಹಾರಾಷ್ಟ್ರದಿಂದ ಇದೇ ಬಸಾಲ್ಟಿಗೆ ಉಲ್ಕೆ ಬಡಿದು ಆದ ಲೋನಾರ್ ಸರೋವರಕ್ಕೆ ಸ್ಥಾನವಿದೆ, ಗಿಲ್ಬರ್ಟ್ ಹಿಲ್ಲಿಗೆ ಇಲ್ಲ.

ಬೇರೆಯವರು ತಮ್ಮ ಕಂಬಗಲ್ಲನ್ನು ಹೇಗೆ ನೋಡಿಕೊಂಡಿದ್ದಾರೆ? ಅಮೆರಿಕದ ವಯೋಮಿಂಗಿನಲ್ಲಿರುವ ಡೆವಿಲ್ಸ್ ಟವರನ್ನು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1906ರಲ್ಲಿ ಆ ದೇಶದ ಮೊತ್ತಮೊದಲ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ. ಉತ್ತರ ಐರ್ಲೆಂಡಿನ ಕಡಲಂಚಿನ ಜೈಂಟ್ಸ್ ಕಾಸ್‌ವೇಯಲ್ಲಿ ಸುಮಾರು 40,000 ಕಂಬಗಳಿವೆ. 1986ರಲ್ಲಿ ಅದು ಯುನೆಸ್ಕೋ ಪಟ್ಟಿಗೆ ಬಂತು. ದೈತ್ಯನೊಬ್ಬ ಸ್ಕಾಟ್ಲೆಂಡಿಗೆ ದಾಟಲು ಹಾಸಿದ ಕಲ್ಲುದಾರಿ ಅದು ಎಂದು ಅಲ್ಲಿನ ಕಥೆ. ಆ ಕಥೆಯನ್ನೂ ಹೇಳುತ್ತಾರೆ, ಲಾವಾ ತಣಿದ ಕಥೆಯನ್ನೂ ಹೇಳುತ್ತಾರೆ. ನಮ್ಮಲ್ಲಿ ದೇವಿಯ ಕಥೆ ಗುಡ್ಡದ ಮೇಲಿದೆ, ಕಲ್ಲಿನ ಕಥೆಯನ್ನು ಹೇಳುವವರಿಲ್ಲ. ಕಲ್ಲು ಇಷ್ಟಾದರೂ ಉಳಿದಿರುವುದರಲ್ಲಿ ದೇವಿಯ ಪಾಲಿದೆ ಎಂದೇ ನನ್ನ ನಂಬಿಕೆ. ಗುಡಿಯಿರುವ ಗುಡ್ಡಕ್ಕೆ ಡೈನಮೈಟ್ ಇಡಲು ಯಾವ ಗುತ್ತಿಗೆದಾರನೂ ಎರಡು ಸಲ ಯೋಚಿಸುತ್ತಾನೆ.

ಲಾವಾಗಲ್ಲನ್ನು ಓದಬಲ್ಲವರು ಇಲ್ಲಿ ಹಿಂದೆಯೂ ಇದ್ದರು. ಕನ್ಹೇರಿ ಎಂಬ ಹೆಸರು ಕೃಷ್ಣಗಿರಿಯಿಂದ ಬಂದದ್ದು, ಅಂದರೆ ಕರಿಬೆಟ್ಟ. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿ ವಿಹಾರಗಳನ್ನು ಕೊರೆದ ಬೌದ್ಧ ಭಿಕ್ಷುಗಳು ಗುಹೆಗುಹೆಗೂ ನೀರಿನ ತೊಟ್ಟಿ ಕಡೆದರು, ಮಳೆನೀರು ತೊಟ್ಟಿಗೆ ಇಳಿಯಲು ಬಂಡೆಯ ಮೇಲೆ ಕಾಲುವೆ ಕೊರೆದರು. ನೂರಕ್ಕೂ ಹೆಚ್ಚು ಗುಹೆಗಳಿರುವ ಆ ಬೆಟ್ಟದ 9ನೇ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಕೊಂಕಣವನ್ನು ಆಗ ಅವನ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ಕವಿರಾಜಮಾರ್ಗದ ಕಾರಣಕ್ಕೆ ನಾವು ನೆನೆಯುವ ಅದೇ ದೊರೆ. ನಮ್ಮ ನೆಂಟರಿಗೆ ಕನ್ಹೇರಿಯಲ್ಲಿ ತೋರಿಸಲು ಇದಕ್ಕಿಂತ ದೊಡ್ಡ ಸಂಬಂಧ ಬೇಕೆ?

ಎಲಿಫೆಂಟಾ, ಅಂದರೆ ಗಾರಾಪುರಿ, ಸುಮಾರು 6ನೇ ಶತಮಾನದ್ದು. ಬಾದಾಮಿಯ ಮೂರನೇ ಗುಹೆ 578ನೇ ಇಸವಿಯದು. ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎರಡು ಕಡೆ ಕುಶಲಿಗರು ಬಂಡೆ ಕೊರೆದಿದ್ದಾರೆ, ಎರಡು ಬೇರೆ ಬೇರೆ ಕಲ್ಲುಗಳಲ್ಲಿ. ಬಾದಾಮಿಯದು ಮರಳುಗಲ್ಲು. ಕೆಂಪು ಬಣ್ಣದ ಅದರ ಪದರಗಳು ಮೂರ್ತಿಗಳ ಮೈಮೇಲೇ ಗೆರೆಯಾಗಿ ಹಾಯುತ್ತವೆ. ಗಾರಾಪುರಿಯದು ಬಸಾಲ್ಟ್. ಅಲ್ಲಿ ಗೆರೆಗಳಿಲ್ಲ, ಕತ್ತಲೆಯೊಳಗಿಂದ ಮುಖ ಒಂದೇ ಬಣ್ಣದಲ್ಲಿ ಮೇಲೆದ್ದು ಬರುತ್ತದೆ. ಎರಡನೇ ಪುಲಕೇಶಿ ನೌಕೆಗಳನ್ನು ಕಟ್ಟಿಕೊಂಡು ಪುರಿ ಎಂಬ ಪಟ್ಟಣವನ್ನು ಮುತ್ತಿದ ಎಂದು 634ರ ಐಹೊಳೆ ಶಾಸನ ಹೇಳುತ್ತದೆ. ಆ ಪುರಿ ಈ ಗಾರಾಪುರಿಯೇ ಎನ್ನುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಎರಡೂ ಗುಹೆಗಳನ್ನು ನೋಡಿದ ಕನ್ನಡಿಗ ಕಲ್ಲಿನ ವ್ಯತ್ಯಾಸವನ್ನು ಗಮನಿಸಿದರೆ, ಆ ಶಿಲ್ಪಿಗಳಿಗೆ ತಮ್ಮ ಕಾಲಡಿಯ ನೆಲ ಎಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದಾದರೂ ತಿಳಿದೀತು.

ಬ್ರಿಟಿಷರ ಕಾಲದ ಮುಂಬೈಯೂ ಈ ಕಲ್ಲನ್ನೇ ತಿಂದು ಬೆಳೆದದ್ದು. 1878ರಲ್ಲಿ ಮುಗಿದ ರಾಜಾಬಾಯಿ ಗೋಪುರಕ್ಕೆ ಕುರ್ಲಾ ಕಲ್ಲು, ಡೇವಿಡ್ ಸಸೂನ್ ಗ್ರಂಥಾಲಯಕ್ಕೆ ಹಳದಿ ಮಲಾಡ್ ಕಲ್ಲು. ಇವೆಲ್ಲ ಈ ಪ್ರದೇಶದ ಜ್ವಾಲಾಮುಖಿ ಶಿಲೆಗಳೇ. ಕುರ್ಲಾ, ಮಲಾಡ್ ಎಂದರೆ ಇಂದು ನಮಗೆ ಲೋಕಲ್ ರೈಲಿನ ಸ್ಟೇಷನ್ನುಗಳು. ಆಗ ಅವು ಕಲ್ಲಿನ ಜಾತಿಗಳ ಹೆಸರು. ಏಳು ದ್ವೀಪಗಳ ನಡುವಿನ ಕಡಲನ್ನು ತುಂಬಿಸಿದ್ದೂ ಗುಡ್ಡ ಕಡಿದ ಕಲ್ಲುಮಣ್ಣಿನಿಂದ. ಹೀಗೆ ಒಂದು ಕಡೆ ತಗ್ಗಿದ್ದು ಇನ್ನೊಂದು ಕಡೆ ಎದ್ದಿದೆ. ವರ್ಲಿ ಗುಡ್ಡದ ಲಾವಾ ಪದರಗಳ ನಡುವೆ ಹಳೆಯ ಕೆರೆಯ ಹೂಳು ಸಿಕ್ಕಿ, ಅದರಲ್ಲಿ ಪುಟ್ಟ ಕಪ್ಪೆಗಳ ಪಳೆಯುಳಿಕೆಗಳು ಸಿಕ್ಕವು. ಲಂಡನ್ನಿನ ರಿಚರ್ಡ್ ಓವನ್ 1847ರಲ್ಲಿ ಅವುಗಳನ್ನು ವರ್ಣಿಸಿದ. ಎರಡು ಲಾವಾ ಪ್ರವಾಹಗಳ ನಡುವಿನ ಬಿಡುವಿನಲ್ಲಿ ಇಲ್ಲಿ ಕೆರೆಯಿತ್ತು, ಕೆರೆಯಲ್ಲಿ ಕಪ್ಪೆ ಕೂಗುತ್ತಿತ್ತು. ಮುಂಬೈ ಯಾರದು, ಮೂಲನಿವಾಸಿ ಯಾರು ಎಂಬ ಜಗಳ ಇಲ್ಲಿ ಚುನಾವಣೆಗೊಮ್ಮೆ ಏಳುತ್ತದೆ. ಆ ಕಪ್ಪೆ ಮಾತ್ರ ಇನ್ನೂ ಯಾವ ಪಕ್ಷವನ್ನೂ ಸೇರಿಲ್ಲ.

ಕಲ್ಲನ್ನು ಓದಲು ಕಲಿತರೆ ಊರಿಗೆ ಹೋಗುವ ದಾರಿಯೂ ಬದಲಾಗುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೊರಟವರು ಕರ್ಜತ್ ದಾಟಿದ ಮೇಲೆ ಮೊಬೈಲು ಕೆಳಗಿಡಿ. 1863ರಲ್ಲಿ ರೈಲು ಹತ್ತಿದ ಭೋರ್ ಘಾಟ್ ಅದು. ಮಳೆಗಾಲವಾದರೆ ಜಲಪಾತಗಳು ಒಂದೊಂದೇ ಲಾವಾ ಮೆಟ್ಟಿಲಿಗೆ ತಡೆದು ತಡೆದು ಬೀಳುವುದು ಕಾಣುತ್ತದೆ. ಪುಣೆ, ಸೋಲಾಪುರ, ಕಲಬುರಗಿ ತನಕವೂ ಇದೇ ಕಲ್ಲಿನ ನಾಡು, ಎರೆಹೊಲಗಳು. ಶಹಾಬಾದ್ ಬಂದಾಗ ಕಲ್ಲು ಬದಲಾಗುತ್ತದೆ, ನಮ್ಮ ಹಳೆಯ ಮನೆಗಳ ನೆಲಕ್ಕೆ ಹಾಸಿದ ಸುಣ್ಣಕಲ್ಲಿನ ಊರು ಅದು. ರಾಯಚೂರಿನ ಹೊತ್ತಿಗೆ ಗ್ರಾನೈಟಿನ ಗುಂಡುಬಂಡೆಗಳು ಎದ್ದು ನಿಲ್ಲುತ್ತವೆ. ಒಂದೇ ಟಿಕೆಟ್ಟಿನಲ್ಲಿ ಜ್ವಾಲಾಮುಖಿ ಪ್ರದೇಶದ ಪಶ್ಚಿಮ ತುದಿಯಿಂದ ದಕ್ಷಿಣದಂಚಿಗೆ ಪ್ರವಾಸ.

ಗಣೇಶಪುರಿಯ ಬಗ್ಗೆಯೂ ಒಂದು ಮಾತು. ಕಾಂಞಂಗಾಡಿನಲ್ಲಿ ಆಶ್ರಮ ಕಟ್ಟಿ ಆಮೇಲೆ ಇಲ್ಲಿ ನೆಲೆಸಿದ ನಿತ್ಯಾನಂದ ಸ್ವಾಮಿಗಳ ಕಾರಣಕ್ಕೆ ಮುಂಬೈಯ ಕರಾವಳಿ ಕನ್ನಡಿಗರಿಗೆ ಅದು ತೌರಿನಂಥ ಜಾಗ. ಅಲ್ಲಿನ ಮತ್ತು ಪಕ್ಕದ ವಜ್ರೇಶ್ವರಿಯ ಬಿಸಿನೀರಿನ ಕುಂಡಗಳನ್ನು ಕಂಡವರು, ಕೆಳಗೆ ಜ್ವಾಲಾಮುಖಿ ಇನ್ನೂ ಉರಿಯುತ್ತಿದೆ ಎನ್ನುವುದುಂಟು. ಉರಿಯುತ್ತಿಲ್ಲ. ಲಾವಾ ತಣಿದು ಕೋಟ್ಯಂತರ ವರ್ಷವಾಯಿತು. ಮಳೆನೀರು ಬಂಡೆಯ ಆಳವಾದ ಬಿರುಕುಗಳಲ್ಲಿ ಇಳಿದು, ಭೂಮಿಯ ಒಳಗಿನ ಸಹಜ ಶಾಖಕ್ಕೆ ಕಾದು, ಮತ್ತೆ ಮೇಲೆ ಬರುತ್ತದೆ. ಇಲ್ಲಿಯೂ ನಮ್ಮ ಕಣ್ಣು ಬೆಂಕಿಯನ್ನು ಹುಡುಕುತ್ತದೆ, ಬಿರುಕನ್ನು ನೋಡುವುದಿಲ್ಲ.

ಈಗ ಆಕ್ಷೇಪಕ್ಕೆ ಬರೋಣ. ಜನ ನೋಡಲು ಹೋದ ಜಾಗವೆಲ್ಲ ಹಾಳಾಗಿರುವಾಗ ಉಳಿದಿರುವ ಒಂದು ಗುಡ್ಡವನ್ನೂ ಪಟ್ಟಿಗೆ ಸೇರಿಸುವುದು ಏಕೆ ಎಂದು ಸ್ನೇಹಿತರು ಕೇಳುತ್ತಾರೆ. ಮಾತು ಸುಳ್ಳಲ್ಲ. ಮಲ್ಪೆಯ ದ್ವೀಪದಲ್ಲಿ ಬಾಟಲಿ, ಪ್ಲಾಸ್ಟಿಕ್ಕಿನ ಕಾಟವಿದೆ. ಅಂಚಿನ ಕಲ್ಲುಗಳ ಮೇಲೆ ಹೋಗಿ ನೀರಿಗೆ ಬಿದ್ದು ಪ್ರಾಣ ಕಳೆದುಕೊಂಡ ಎಳೆಯರಿದ್ದಾರೆ. ಆದರೆ ಗಿಲ್ಬರ್ಟ್ ಹಿಲ್ಲಿನ ಜೋಡಿ ಕಲ್ಲು ಜೋಗೇಶ್ವರಿಯಲ್ಲಿ ಹೋದದ್ದು ಪ್ರವಾಸಿಗರಿಂದಲ್ಲ. ಅದು ಏನೆಂದು ಕೇಳುವವರಿಲ್ಲದೆ ಹೋಯಿತು. ಪ್ರವಾಸಿ ಕಸ ಹಾಕುತ್ತಾನೆ, ಕಸ ಗುಡಿಸಬಹುದು. ಜಲ್ಲಿಯಾದ ಕಂಬವನ್ನು ಮತ್ತೆ ನಿಲ್ಲಿಸಲಾಗದು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಸ್ಮಾರಕ ಎಂದ ಕೂಡಲೇ ಮುಂಬೈಯಲ್ಲಿ ಮೊದಲು ಬರುವುದು ಬುಲ್ಡೋಜರ್. ಗುಡ್ಡದ ಬುಡದಲ್ಲಿ ಬದುಕುತ್ತಿರುವವರನ್ನು ಎಬ್ಬಿಸಿ ಅಲ್ಲಿ ಟಿಕೆಟ್ ಕೌಂಟರ್ ಕಟ್ಟುವುದಾದರೆ ನನಗೆ ಆ ಸ್ಮಾರಕ ಬೇಡ. ಕಲ್ಲು ಕಳಚಿ ಬಿದ್ದರೆ ಮೊದಲ ಅಪಾಯ ಅವರಿಗೇ. ಆದ್ದರಿಂದ ಸುರಕ್ಷಿತ ಮನೆಯ ಹಕ್ಕೂ ಮೊದಲು ಅವರದೇ, ಅದೂ ಅಂಧೇರಿಯಲ್ಲೇ, ಎಲ್ಲೋ ಮಾಹುಲಿನಲ್ಲಲ್ಲ. ಅವರ ಜೋಪಡಿಯನ್ನು ಒತ್ತುವರಿ ಎಂದು ಕರೆಯುವ ಬಾಯಿ, ಬೆನ್ನಿಗೇ ನಿಂತ ಗೋಪುರಗಳನ್ನು ಅಭಿವೃದ್ಧಿ ಎನ್ನುವುದಾದರೆ ಅದೂ ಭಾಷೆಯದೇ ಸಮಸ್ಯೆ.

ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಭೂಪರಂಪರೆಯ ತಾಣಗಳ ರಕ್ಷಣೆಗೆ ಕರಡು ಮಸೂದೆಯೊಂದನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತ್ತು. ಎಲ್ಲ ಅಧಿಕಾರವನ್ನೂ ಒಂದೇ ಸಂಸ್ಥೆಯ ಕೈಗೆ ಕೊಡುತ್ತದೆ ಎಂದು ವಿಜ್ಞಾನಿಗಳಿಂದಲೇ ಅದಕ್ಕೆ ಟೀಕೆ ಬಂತು. ಆ ಟೀಕೆ ನ್ಯಾಯವಾದದ್ದು. ಸ್ಥಳೀಯರಿಗೂ ಪಾಲಿಕೆಗೂ ಮಾತಿರುವ ಕಾನೂನು ಬೇಕು. ಆದರೆ ದೆಹಲಿಯ ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಗುಡ್ಡದ ಬುಡದಲ್ಲಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಇದು ಏನು, ಎಷ್ಟು ಹಳೆಯದು, ಹೇಗಾಯಿತು ಎಂದು ಹೇಳುವ ಒಂದು ಫಲಕ ನಿಲ್ಲಿಸಲು ಪಾಲಿಕೆಗೆ ಮಸೂದೆ ಬೇಕಿಲ್ಲ. ಪಾಲಿಕೆ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತಿದೆ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರ ಮಕ್ಕಳು. ನಿಮ್ಮ ಅಜ್ಜನ ಹೊಲದ ಎರೆಮಣ್ಣೂ ಈ ಗುಡ್ಡವೂ ಒಂದೇ ಲಾವಾದ ಮಕ್ಕಳು ಎಂದು ಅವರಿಗೆ ಆ ಗುಡ್ಡದ ಬುಡದಲ್ಲೇ ನಿಲ್ಲಿಸಿ ಹೇಳಿದರೆ, ಈ ನಗರ ಪರರದು ಎಂಬ ಭಾವ ಅವರಲ್ಲಿ ಒಂದು ಕೂದಲೆಳೆಯಷ್ಟಾದರೂ ಸಡಿಲವಾದೀತು.

ಇನ್ನು ನಮ್ಮ ಸಂಘಗಳು. ಮುಂಬೈಯಲ್ಲಿ ಕನ್ನಡ ಸಂಘಗಳಿಗೆ ಬರವಿಲ್ಲ, ಅವುಗಳ ವಾರ್ಷಿಕ ವಿಹಾರಕ್ಕೂ ಬರವಿಲ್ಲ. ಪ್ರತಿವರ್ಷ ಅದೇ ರೆಸಾರ್ಟಿಗೆ ಹೋಗಿ ಹೌಸಿ ಆಡಿ ಬರುವ ಬದಲು ಒಂದು ಭಾನುವಾರ ಬೆಳಿಗ್ಗೆ ಮೂವತ್ತು ಜನ ಗಿಲ್ಬರ್ಟ್ ಹಿಲ್ ಹತ್ತಬಹುದು. ಮೇಲೆ ದೇವಿಗೆ ಕೈಮುಗಿದು, ಕೆಳಗಿಳಿದು, ಒಂದು ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು ಮನೆಗೆ ಹೋಗಬಹುದು. ಖರ್ಚು ರಿಕ್ಷಾದ್ದು ಮಾತ್ರ. ಮಳೆಗಾಲ ಬಿಟ್ಟು ಹೋಗಿ, ಮೆಟ್ಟಿಲು ಜಾರುತ್ತದೆ. ಜೊತೆಯಲ್ಲಿ ಒಂದಿಬ್ಬರು ಮಕ್ಕಳಿರಲಿ. ಕಂಬದ ಮೂಲೆಗಳನ್ನು ಅವರು ಎಣಿಸಲಿ, ಐದೋ ಆರೋ ಎಂದು ಜಗಳವಾಡಲಿ. ಕಂಬಗಲ್ಲು ಎಂಬ ಪದ ನಿಘಂಟಿಗೆ ಹೋಗಬೇಕಾದದ್ದು ಆ ಜಗಳದ ಮೂಲಕ, ನನ್ನ ಅನುವಾದದ ಮೂಲಕ ಅಲ್ಲ.